ನಲವತ್ತೆರಡು ಎಂಜಿನ್‌ಗಳ ಸಾಕ್ಷಿ

ನಮ್ಮ ಅಬ್ಬಾ ಯಾವ ಗಾಡಿ ಹತ್ತುವುದಿದ್ದರೂ ಮೊದಲು ಬಾನೆಟ್ ಎತ್ತಿಸಿ, ಆಯಿಲ್ ಕಡ್ಡಿ ಎಳೆದು ನೋಡಬೇಕು. ಮದುವೆ ದಿಬ್ಬಣದ ಬಸ್ಸಾದರೂ ಅಷ್ಟೆ, ನನ್ನನ್ನು ಹೆರಿಗೆಗೆ ಕರೆದೊಯ್ಯಲು ಬಂದ ಆಂಬುಲೆನ್ಸಾದರೂ ಅಷ್ಟೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಚಳ್ಳಕೆರೆಯಲ್ಲಿ ಡೀಸೆಲ್ ಪಂಪು ರಿಪೇರಿಯ ನಬೀ ಸಾಬ್ ಅಂದರೆ ಎಲ್ಲರಿಗೂ ಗೊತ್ತು. ಈಗ ಅಂಗಡಿ ನಡೆಸುವವಳು ಮಗಳು ಮುಸರತ್, ಅಂದರೆ ನಾನು. ಪರಶುರಾಂಪುರದ ಟ್ರ್ಯಾಕ್ಟರಿನವರು ಮೊದಮೊದಲು ನನ್ನ ಮುಖ ನೋಡಿ, ಗಂಡಸರು ಯಾರೂ ಇಲ್ವೇನಮ್ಮ ಎನ್ನುತ್ತಿದ್ದರು. ಈಗ ತೆಪ್ಪಗೆ ಪಂಪು ಬಿಚ್ಚಿ ತಂದು ಟೇಬಲ್ಲಿನ ಮೇಲಿಟ್ಟು ಕೂರುತ್ತಾರೆ.

ಅಬ್ಬಾನಿಗೆ ಈ ಚಟ ಹಿಡಿಸಿದ್ದು ಒಬ್ಬ ಜನರಲ್. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಅಬ್ಬಾ ಹಿಮದ ಬೆಟ್ಟದ ಒಂದು ಠಾಣೆಯಲ್ಲಿ ಮಿಲಿಟರಿ ಮೆಕ್ಯಾನಿಕ್ ಆಗಿದ್ದರು. ಶತ್ರುಗಳು ಮೂರು ಕಡೆಯಿಂದ ಮುತ್ತಿದಾಗ ಠಾಣೆ ಬಿಟ್ಟು ಇಳಿಯಿರಿ ಎಂದು ಜನರಲ್ ಹುಕುಂ ಕೊಟ್ಟರು. ರಸ್ತೆ ಕುಸಿದು ಕಾಲುದಾರಿ ಮಾತ್ರ ಉಳಿದಿತ್ತು. ಗಾಡಿಗಳು ಶತ್ರುವಿನ ಕೈಗೆ ಸಿಗಬಾರದೆಂದು ನಲವತ್ತೆರಡು ಎಂಜಿನ್‌ಗಳ ಆಯಿಲ್ ಬಸಿದು, ಜಾಮ್ ಆಗುವ ತನಕ ಓಡಿಸಿ ಕೊಲ್ಲಬೇಕೆಂದರು. ಕೊಂದವರು ಅಬ್ಬಾ. ಹಿಂದೆ ಕಾವಲಿಗೆ ನಿಂತ ಹನ್ನೊಂದು ಜನ ವಾಪಸ್ ಬರಲಿಲ್ಲ. ಉಳಿದ ಆರು ನೂರು ಜನ ಜೀವಸಹಿತ ಇಳಿದರು. ಪೇಪರಿನವರು ಆಮೇಲೆ ಅವರನ್ನು ಓಡಿಹೋದ ಜನರಲ್ ಎಂದು ಕರೆದರು. ಅಬ್ಬಾ ಕರೆಯುತ್ತಿದ್ದ ಹೆಸರನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ.

ಮೊನ್ನೆ ಮೊಳಕಾಲ್ಮೂರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಣಕು ನ್ಯಾಯಾಲಯ ಕಟ್ಟಿ ಇದೇ ಜನರಲ್ಲರ ವಿಚಾರಣೆ ಇಟ್ಟುಕೊಂಡರು. ಆರೋಪ ಹೊರಿಸುವ ವಕೀಲೆ ಕೊಂಡ್ಲಹಳ್ಳಿಯ ದಾಕ್ಷಾಯಿಣಿ. ಅವಳ ತಾತ ಚಂದ್ರಣ್ಣ ಅದೇ ಠಾಣೆಯಲ್ಲಿದ್ದವರು, ಅಬ್ಬಾನ ಜೀವದ ಗೆಳೆಯ. ತೀರಿಕೊಂಡು ಆರು ವರ್ಷವಾಯಿತು. ಜನರಲ್ಲನ್ನು ಬೈಯುವ ಸಾಕ್ಷಿ ಬೇಕು ತಾತ ಎಂದು ಅವಳೇ ಅಂಗಡಿಗೆ ಬಂದು ಕರೆದಾಗ ಅಬ್ಬಾ ಕುಣಿದಾಡಿಬಿಟ್ಟರು. ಅವತ್ತೇ ಕೋಟು ಇಸ್ತ್ರಿಗೆ ಹೋಯಿತು.

ಹೋಗುವ ದಿನ ಕಾರಿನ ಕಡ್ಡಿ ಎಳೆದು ನೋಡಿಯೇ ಹತ್ತಿದರು. ಬಿ.ಜಿ. ಕೆರೆ ದಾಟುವಾಗ ಇದ್ದಕ್ಕಿದ್ದಂತೆ ಚಂದ್ರಣ್ಣನ ಮಾತು ಎತ್ತಿದರು. ನನ್ನಿಂದಲೂ ಬಚ್ಚಿಟ್ಟಿದ್ದ ಒಂದು ವಿಷಯ ಹೊರಬಿತ್ತು. ಠಾಣೆ ಬಿಟ್ಟ ದಿನ ಚಂದ್ರಣ್ಣನ ತೊಡೆಗೆ ಗುಂಡು ಬಿದ್ದಿತ್ತು. ಫಿರಂಗಿ ಬಿಟ್ಟು ಬನ್ನಿ, ಗಾಯದವರನ್ನು ಒಬ್ಬರನ್ನೂ ಬಿಟ್ಟು ಬರಬೇಡಿ ಎಂಬುದು ಜನರಲ್ಲರ ಹುಕುಂ. ಹಾಗಾಗಿ ಅಬ್ಬಾ ಎರಡು ದಿನ ಅವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದರು. ಊರಿಗೆ ಬಂದ ಚಂದ್ರಣ್ಣ ಮಾತ್ರ, ಗುಂಡು ಬಿದ್ದ ಕಾಲಲ್ಲೇ ನಡೆದು ಇಳಿದೆ ಎಂದು ಹೇಳಿಕೊಂಡರು. ಅಬ್ಬಾನ ಕೈಯನ್ನು ತಲೆಯ ಮೇಲೆ ಇಡಿಸಿಕೊಂಡು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದರು. ಕೊಂಡ್ಲಹಳ್ಳಿಯಲ್ಲಿ ಇವತ್ತಿಗೂ ಅವರ ಹೆಸರು ನಡೆದು ಬಂದ ಚಂದ್ರಣ್ಣ.

ಇಷ್ಟೆಲ್ಲ ಇಟ್ಟುಕೊಂಡು ಸಾಕ್ಷಿಗೆ ಒಪ್ಪಿದ್ದು ಯಾಕೆ ಎಂದು ರೇಗಿದೆ. ಬೈಯೋಕೆ ತಾನೇ ಕರೆದಿರೋದು, ಬೈದು ಬಂದರಾಯಿತು ಎಂದರು. ಆದರೆ ಆ ಮಾತಿನಲ್ಲಿ ಗಟ್ಟಿತನ ಇರಲಿಲ್ಲ.

ಕಾಲೇಜಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಚಂದ್ರಣ್ಣನ ಹೆಂಡತಿ ಕೊಟ್ರಮ್ಮ, ಮೊಮ್ಮಗಳ ಜಾಣತನ ನೋಡಲು ಹೊಸ ಸೀರೆ ಉಟ್ಟು ಕೂತಿದ್ದರು. ಅಬ್ಬಾ ನಲವತ್ತೆರಡು ಎಂಜಿನ್ ಕೊಂದ ಕಥೆ ಹೇಳಿದರು. ಕೊನೆಯದು ಜನರಲ್ಲರ ಸ್ವಂತ ಜೀಪು, ಅದರ ಆಯಿಲ್ ಅವರೇ ಮಂಡಿಯೂರಿ ಕೂತು ಬಸಿದರು ಎಂದೂ ಹೇಳಿದರು. ಅದನ್ನು ನಾನು ಮೊದಲ ಸಲ ಕೇಳಿದ್ದು. ದಾಕ್ಷಾಯಿಣಿ ನಿಜವಾದ ವಕೀಲರ ಹಾಗೆಯೇ ಹತ್ತಿರ ಬಂದು ನಿಂತಳು.

"ನನ್ನ ತಾತ ಗುಂಡು ಬಿದ್ದ ಕಾಲಲ್ಲೇ ಎರಡು ದಿನ ನಡೆದು ಇಳಿದೋರು. ಅಂಥ ಗಂಡೆದೆಯೋರು ಜೊತೆಗಿದ್ರೂ ಕಾದಾಡದೆ ಇಳಿದ ಈ ಜನರಲ್ ಹೇಡಿ. ಹೇಳ್ರಿ ತಾತ, ಹೌದೋ ಅಲ್ವೋ?"

ಹೌದು ಅಂದರೆ ಆಣೆ ಉಳಿಯುತ್ತಿತ್ತು, ಆರು ನೂರು ಜನರನ್ನು ಇಳಿಸಿದವನು ಹೇಡಿಯಾಗುತ್ತಿದ್ದ. ಅಲ್ಲ ಅಂದರೆ ಗೆಳೆಯ ಸತ್ತ ಮೇಲೆ ಸುಳ್ಳುಗಾರನಾಗುತ್ತಿದ್ದ, ಅದೂ ಮೊಮ್ಮಗಳ ಎದುರಿಗೆ. ನ್ಯಾಯಾಧೀಶನಾಗಿ ಕೂತಿದ್ದ ಹುಡುಗ ಉತ್ತರ ಕೊಡಿ ಎಂದು ಎರಡು ಸಲ ಹೇಳಿದ.

ಆಗ ಕೊಟ್ರಮ್ಮ ಎದ್ದು ನಿಂತರು.

"ಅವರನ್ನ ಯಾಕೆ ಕೇಳ್ತೀಯ, ನನ್ನ ಕೇಳು. ನಲವತ್ನಾಲ್ಕು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದೋಳು ನಾನು. ಎಲುಬು ಮುರಿದು ಕೂಡಿದ ಕಾಲದು. ಅದು ಬೆಟ್ಟ ಇಳಿದ ಕಾಲಲ್ಲ. ಯಾರೋ ಹೊತ್ಕೊಂಡು ಬಂದವ್ರೆ. ಯಾರು ಅಂತಾನೂ ನಂಗೊತ್ತು, ಹಬ್ಬ ತಪ್ಪಿದ್ರೂ ಆ ಮನುಷ್ಯನ ಮನೆಗೆ ಹೋಳಿಗೆ ಕಳಿಸೋದು ತಪ್ಪಿಸ್ತಿರಲಿಲ್ಲ ನಿಮ್ಮ ತಾತ."

ಅಬ್ಬಾ ಕಣ್ಣೊರೆಸಿಕೊಂಡು ನ್ಯಾಯಾಧೀಶನ ಕಡೆ ತಿರುಗಿದರು.

"ಐವತ್ತು ವರ್ಷ ಆ ಜನರಲ್‌ನ ಬೈದೀನಿ ಸ್ವಾಮಿ. ಬೈಯೋಕೆ ಬದುಕಿದ್ದು ಅವರ ಹುಕುಂನಿಂದಾನೇ. ಇದನ್ನೂ ಬರ್ಕೊಳ್ರಿ."

ದಾಕ್ಷಾಯಿಣಿಯ ಮುಖ ಕೆಂಪಗಾಗಿತ್ತು. ಅಲ್ಲಿಗೆ ಕೂತುಬಿಡುತ್ತಾಳೆ ಅಂದುಕೊಂಡೆ. ಅವಳು ಕೂರಲಿಲ್ಲ. ಹಾಗಾದರೆ ಹಿಂದೆ ಬಿಟ್ಟು ಬಂದ ಆ ಹನ್ನೊಂದು ಜನ, ಅವರಿಗೆ ಯಾರು ಉತ್ತರ ಕೊಡುತ್ತಾರೆ ಎಂದು ಕೇಳಿದಳು. ಅಬ್ಬಾ ಆ ಹನ್ನೊಂದು ಹೆಸರನ್ನೂ ತಡವರಿಸದೆ ಹೇಳಿ, ಉತ್ತರ ನನ್ನ ಹತ್ತಿರ ಇಲ್ಲ ಮಗಾ, ಜನರಲ್ಲರ ಹತ್ತಿರವೂ ಇರಲಿಲ್ಲ ಎಂದರು. ಹುಡುಗರ ತೀರ್ಪೂ ಹಾಗೇ ಬಂತು: ಠಾಣೆ ಕಳೆದುಕೊಂಡದ್ದು ಜನರಲ್ಲರ ತಪ್ಪು, ಹನ್ನೊಂದು ಜನರ ಲೆಕ್ಕ ಅವರ ತಲೆಯ ಮೇಲೆ, ಆದರೆ ಹೇಡಿ ಅನ್ನುವ ಮಾತನ್ನು ಕಡತದಿಂದ ತೆಗೆಯಬೇಕು. ಹಿರಿಯರು ಐವತ್ತು ವರ್ಷ ಬಗೆಹರಿಸದ್ದನ್ನು ಇವರು ಒಂದು ಮಧ್ಯಾಹ್ನದಲ್ಲಿ ಇಷ್ಟು ಚೆನ್ನಾಗಿ ತೂಗಿದರಲ್ಲ ಎಂದು ನನಗೆ ಹೆಮ್ಮೆಯಾಯಿತು. ಸೋಲುವಾಗಲೂ ಪ್ರಶ್ನೆ ಬಿಡದ ಆ ಹುಡುಗಿಯ ಮೇಲಂತೂ ಇನ್ನೂ ಹೆಮ್ಮೆಯಾಯಿತು.

ಕಾರಿನ ಹತ್ತಿರ ಅಜ್ಜಿಯ ಕೈ ಹಿಡಿದುಕೊಂಡು ಅವಳು ಬಂದಳು. ಹೊರಿಸಿಕೊಂಡು ಬರುವಾಗ ತಾತ ಅತ್ತರಾ ಎಂದು ಮೆಲ್ಲಗೆ ಕೇಳಿದಳು.

"ಅಳೋದಾ?" ಅಂದರು ಅಬ್ಬಾ. "ಎರಡು ದಿನ ನನ್ನ ಕಿವಿ ಹಿಂಡಿ, ಇಳಿಸೋ ಲೇ, ನಾನು ನಡೀತೀನಿ ಅಂತ ಬೈದ. ಹತ್ತು ಸಲ ಇಳಿಸ್ದೆ. ಹತ್ತು ಸಲಾನೂ ಒಂದೊಂದು ಹೆಜ್ಜೆ ಇಟ್ಟೇ ಬಿದ್ದ. ಅಷ್ಟು ನಡೆದಿದ್ದು ಸುಳ್ಳಲ್ಲವ್ವ."