ಒಬ್ಬರಿಗೆ ಮಾತ್ರ ಲೈಸೆನ್ಸು

ಫೋನು ಬಂದಾಗಲೆಲ್ಲ ಅವಳು ಒಂದು ಆಟ ಆಡುತ್ತಿದ್ದಳು. ಆಟ ಅಂದರೆ ಖುಷಿಯ ಆಟವೇನಲ್ಲ, ಎರಡು ವರ್ಷದಿಂದ ಅಂಟಿಕೊಂಡ ಅಭ್ಯಾಸ. ಯಾವುದೋ ಹಲ್ಲಿನ ಡಾಕ್ಟರು ಫೋನು ಮಾಡಿ, ನಿಮ್ಮ ಪ್ರೋಗ್ರಾಮಿನಲ್ಲಿ ಎಕ್ಸ್‌ರೇ ಮಂಕಾಗಿ ಕಾಣುತ್ತಿದೆ, ಬೇರಿನ ಅಳತೆ ತೆಗೆಯಲು ಹೋದರೆ ಗೆರೆ ಬೀಳುತ್ತಿಲ್ಲ, ಸ್ವಲ್ಪ ಇಂಜಿನಿಯರಿಗೆ ಕೊಡಿ ಅನ್ನುವರು. ಒಂದು ನಿಮಿಷ, ಅವರನ್ನು ಕೇಳಿ ಹೇಳುತ್ತೇನೆ ಅಂತ ಅವಳು ಫೋನಿಗೆ ಅಂಗೈ ಮುಚ್ಚಿ, ಎದುರಿನ ಗೋಡೆ ನೋಡುತ್ತ, ಮನಸ್ಸಿನಲ್ಲೇ ಒಂದರಿಂದ ಇಪ್ಪತ್ತರವರೆಗೆ ಎಣಿಸುವಳು. ಆಮೇಲೆ ಕೈ ತೆಗೆದು ಉತ್ತರ ಹೇಳುವಳು. ಉತ್ತರ ಅವಳಿಗೆ ಮೊದಲೇ ಗೊತ್ತಿರುತ್ತಿತ್ತು, ಯಾಕೆಂದರೆ ಆ ಪ್ರೋಗ್ರಾಂ ಬರೆಯುತ್ತಿದ್ದವಳೇ ಅವಳು. ಮೊದಮೊದಲು ಹತ್ತಕ್ಕೇ ನಿಲ್ಲಿಸುತ್ತಿದ್ದಳು. ಒಬ್ಬ ಡಾಕ್ಟರು ಇಷ್ಟು ಬೇಗ ಹೇಳಿಬಿಟ್ಟರಾ ಅಂತ ಆಶ್ಚರ್ಯಪಟ್ಟ ಮೇಲೆ ಇಪ್ಪತ್ತು ಮಾಡಿಕೊಂಡಳು.

ಇಂಜಿನಿಯರು ಅಂದರೆ ಅವಳ ಗಂಡ. ಅವನೇನು ಊರು ಬಿಟ್ಟು ಹೋಗಿರಲಿಲ್ಲ. ಅದೇ ಕೋಣೆಯಲ್ಲಿ, ಎಂಟು ಹೆಜ್ಜೆ ಆಚೆ, ಕಿಟಕಿ ಪಕ್ಕದ ಮೇಜಿಗೆ ಕೈಯೂರಿ ಕೂತಿರುತ್ತಿದ್ದ. ಮುಂದೆ ಕಂಪ್ಯೂಟರ್ ಉರಿಯುತ್ತಿರುತ್ತಿತ್ತು. ಎರಡು ವರ್ಷದಲ್ಲಿ ಅವನು ಅದರಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಮನೆಯ ಕೆಳಗೆ ಕಾರು ನಿಲ್ಲಿಸಲು ಕಟ್ಟಿದ್ದ ಜಾಗವೇ ಆಫೀಸು. ಕಾರು ಬರಲಿಲ್ಲ, ಗಾಜಿನ ಬಾಗಿಲು ಬಂತು. ಎರಡು ಮೇಜು, ಒಂದು ಬೀರು, ಯಾರೋ ಡಾಕ್ಟರು ಕೊಟ್ಟ ಪ್ಲಾಸ್ಟರಿನ ದವಡೆ. ಆ ದವಡೆ ಕಾಗದ ಹಾರದಂತೆ ಹಿಡಿದುಕೊಂಡು ಮೂರು ಹೊತ್ತೂ ಹಲ್ಲು ಕಿರಿಯುತ್ತಿತ್ತು. ಇದ್ದುದರಲ್ಲಿ ತಲೆ ಕೆಟ್ಟಿದ್ದು ಅವಳ ಕುರ್ಚಿಗೆ. ದಿನಾ ಬೆಳಿಗ್ಗೆ ಬಂದು ಕೂತರೆ ಅದು ನಾಲ್ಕು ಬೆರಳು ಮೇಲೇರಿರುತ್ತಿತ್ತು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಪಕ್ಕದ ಹಿಡಿ ಒತ್ತಿ ಇಳಿಸಿಕೊಂಡು ಕೆಲಸ ಶುರು ಮಾಡುವಳು. ಕೆಟ್ಟ ಕುರ್ಚಿ ಕುಸಿಯುತ್ತೆ, ನಿನ್ನದೊಂದು ಏರುತ್ತಲ್ಲಮ್ಮ, ಅದೃಷ್ಟವಂತೆ ನೀನು ಅಂತ ಭಾವ ನಕ್ಕಿದ್ದರು.

ಭಾವ ಅಂದರೆ ಗಂಡನ ಅಣ್ಣ, ಈ ಕಂಪನಿಯ ಬಾಯಿ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಚೀಲ, ಸ್ಕೂಟರಿನಲ್ಲಿ ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಅಲೆದು, ನನ್ನ ತಮ್ಮ ಬರೆದ ಪ್ರೋಗ್ರಾಂ ಸ್ವಾಮಿ, ಎಕ್ಸ್‌ರೇ ಕನ್ನಡಿ ಹಾಗೆ ಕಾಣುತ್ತೆ ಅಂತ ಮಾರಿ ಬರುವವರು. ಒಳ್ಳೆಯ ಮನುಷ್ಯ, ಆದರೆ ಮಾತು ಶುರುವಾದರೆ ನಿಲ್ಲಿಸಲು ಇನ್ನೊಬ್ಬರು ಬೇಕು. ಅವಳು ಮದುವೆಗೆ ಮುಂಚೆ ನಾಲ್ಕು ವರ್ಷ ಪ್ರೋಗ್ರಾಂ ಬರೆಯುವ ಕೆಲಸದಲ್ಲೇ ಇದ್ದವಳು. ಆದರೂ ಮದುವೆಯಾಗಿ ಬಂದಾಗ, ಬಿಲ್ಲು ಫೋನು ನೋಡಿಕೊಳ್ಳಲಿ ಬಿಡು ಅಂತ ಆ ಮೇಜಿಗೆ ಕೂರಿಸಿದವರೂ ಅವರೇ.

ಎರಡು ವರ್ಷದ ಹಿಂದೆ ಆಗಿದ್ದು ಇಷ್ಟು. ಒಂದು ಕ್ಲಿನಿಕ್ಕಿಗೆ ಹೊಸ ಎಕ್ಸ್‌ರೇ ಯಂತ್ರ ಬಂತು. ಅದು ಚಿತ್ರವನ್ನು ಎಡ ಬಲ ತಿರುಗಿಸಿ ಇಟ್ಟುಕೊಂಡು, ತೋರಿಸುವಾಗ ಮತ್ತೆ ತಿರುಗಿಸಿ ತೋರಿಸಿ ಅಂತ ಫೈಲಿನೊಳಗೇ ಒಂದು ಟಿಪ್ಪಣಿ ಬರೆದಿಡುತ್ತಿತ್ತು. ಗಂಡನ ಪ್ರೋಗ್ರಾಂ ಆ ಟಿಪ್ಪಣಿ ಓದಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ಹೊಲಿಗೆ ಕೆಲಸದ ಒಬ್ಬ ಹೆಂಗಸು ಇಡೀ ದವಡೆ ನೋಯುತ್ತಿದೆ ಅಂತ ಬಂದಿದ್ದಳು. ಎರಡೂ ಕಡೆ ಹೊರಗಿನಿಂದ ಒಂದೇ ಥರ ಕಾಣುತ್ತಿತ್ತು. ಡಾಕ್ಟರು ಸ್ಕ್ರೀನು ನಂಬಿ ಎಡಗಡೆಯದನ್ನು ಬಿಟ್ಟು ಬಲಗಡೆಯ ಗಟ್ಟಿ ಹಲ್ಲು ಕಿತ್ತರು. ತಪ್ಪು ನನ್ನದೂ ಇದೆ ಅಂತ ಡಾಕ್ಟರೇ ಒಪ್ಪಿಕೊಂಡರು, ಬೇಕಾದ್ದು ಮಾಡಿಕೊಟ್ಟರು, ಯಾರೂ ಕೋರ್ಟು ಕಚೇರಿ ಅನ್ನಲಿಲ್ಲ. ಗಂಡ ಮಾತ್ರ ಆ ಹೆಂಗಸಿನ ಮನೆಗೆ ಹೋದ. ಅವಳು ಬೈಯಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಿ ತೆರೆದು, ಖಾಲಿ ಜಾಗ ತೋರಿಸಿ, ಮತ್ತೆ ಯಂತ್ರ ತುಳಿಯಲು ಶುರು ಮಾಡಿದಳು.

ಅವತ್ತು ಮನೆಗೆ ಬಂದವನು ಕಿಟಕಿ ಪಕ್ಕ ಕೂತ. ಕೂತವನು ಕೂತೇ ಇದ್ದ. ಕರೆದರೆ ಊಟಕ್ಕೆ ಏಳುತ್ತಿದ್ದ, ಕೇಳಿದ್ದಕ್ಕೆ ಹೂಂ ಉಹೂಂ ಅನ್ನುತ್ತಿದ್ದ. ಕೆಲಸದ ಸುದ್ದಿ ಎತ್ತಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಂಪನಿ ಮುಳುಗಬಾರದಲ್ಲ ಅಂತ ಅವಳು ಅವನ ಫೈಲು ತೆರೆದು ತಪ್ಪು ತಿದ್ದಿದಳು. ಆಮೇಲೆ ಇನ್ನೊಂದು ತಿದ್ದಿದಳು. ಹಾಗೇ ಎಲ್ಲವೂ ಅವಳ ತಲೆಗೆ ಬಂತು, ಹೆಸರು ಮಾತ್ರ ಅವನದೇ ಉಳಿಯಿತು. ಭಾವನಿಗೆ ಹೇಳಿದರೆ ಗಂಡನ ಮರ್ಯಾದೆ ಹೋಗುತ್ತೆ, ಹೇಳದಿದ್ದರೆ ತನ್ನದು. ಆರು ತಿಂಗಳು ಅತ್ತಳು. ಆಮೇಲೆ ಅಳುವೂ ಬರಲಿಲ್ಲ, ಕೋಪವೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ನಮ್ಮದೇ ಆದರೂ ನಮ್ಮದಲ್ಲ ಅನ್ನಿಸುತ್ತದಲ್ಲ, ಅವಳ ಒಳಗೆಲ್ಲ ಹಾಗಾಗಿತ್ತು.

ಈಗ ಬಂದಿದ್ದು ಟೂಲ್‌ಕಿಟ್ಟಿನ ತಾಪತ್ರಯ. ಚಿತ್ರ ತೆರೆಯುವುದು, ದೊಡ್ಡದು ಮಾಡುವುದು, ಕಪ್ಪು ಬಿಳುಪು ತಿದ್ದುವುದು, ಇಂಥ ಕೆಲಸವನ್ನೆಲ್ಲ ಯಾರೂ ಮೊದಲಿನಿಂದ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಟೂಲ್‌ಕಿಟ್ಟು ಕೊಂಡು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುತ್ತಾರೆ. ಗಂಡ ಹಿಂದೆ ಕೊಂಡಿದ್ದ ಟೂಲ್‌ಕಿಟ್ಟಿನವರು ಅಂಗಡಿ ಮುಚ್ಚಿದ್ದರು. ಹೊಸ ಕಂಪ್ಯೂಟರುಗಳಲ್ಲಿ ಅದು ಏಳುತ್ತಲೇ ಇರಲಿಲ್ಲ. ಅಷ್ಟರಲ್ಲಿ ಭಾವ ನಾಲ್ಕು ಕುರ್ಚಿಯ ದೊಡ್ಡ ಕ್ಲಿನಿಕ್ಕೊಂದಕ್ಕೆ ಸೋಮವಾರ ಕೊಡುತ್ತೇವೆ ಅಂತ ಮಾತು ಕೊಟ್ಟು ಬಂದಿದ್ದರು. ಆ ಒಂದು ಕ್ಲಿನಿಕ್ಕು ಕೈತಪ್ಪಿದರೆ ಈ ಗಾಜಿನ ಬಾಗಿಲು ತೆಗೆದು ಮತ್ತೆ ಕಾರು ನಿಲ್ಲಿಸಬೇಕು, ಕಾರೂ ಇಲ್ಲ.

ಅವಳು ಮೂರು ಟೂಲ್‌ಕಿಟ್ಟುಗಳನ್ನು ತಿಂಗಳ ಪರೀಕ್ಷೆಗೆ ತರಿಸಿಕೊಂಡಳು. ಲೈಸೆನ್ಸಿನ ಕಾಗದವನ್ನು ಕೊನೆಯ ಪುಟದವರೆಗೆ ಓದುವ ಪ್ರಾಣಿ ಈ ಭೂಮಿಯ ಮೇಲೆ ಅಪರೂಪ, ಅವಳು ಆ ಜಾತಿ. ಮೊದಲನೆಯದು ಕೆಲಸದಲ್ಲಿ ಎತ್ತಿದ ಕೈ. ಬೆಲೆಯೂ ಪರವಾಗಿಲ್ಲ ಅನ್ನಿಸಿತು. ಮೂವತ್ತೊಂದನೆಯ ಪುಟಕ್ಕೆ ಬಂದರೆ, ಕ್ಲಿನಿಕ್ಕಿನ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಹಣ ಕಟ್ಟಬೇಕು ಅಂತ ಇರುವೆಯಂಥ ಅಕ್ಷರದಲ್ಲಿತ್ತು. ಎರಡನೆಯದು ಬಿಟ್ಟಿ. ಆದರೆ ಅದನ್ನು ಸೇರಿಸಿ ಮಾರಿದರೆ ನಮ್ಮ ಪ್ರೋಗ್ರಾಮಿನ ಒಡಲನ್ನೆಲ್ಲ, ಬರೆದ ಸಾಲು ಸಾಲನ್ನೂ, ಕೊಂಡವರಿಗೆ ಬಿಚ್ಚಿ ಕೊಡಬೇಕು. ಮೂರನೆಯದು ಸಣ್ಣ ಕಂಪನಿಯದು, ಒಂದು ಸಲ ಕೊಟ್ಟರಾಯಿತು, ಎಷ್ಟು ಕ್ಲಿನಿಕ್ಕಿಗಾದರೂ ಹಾಕಿ. ಷರತ್ತು ಒಂದೇ. ಲೈಸೆನ್ಸು ಒಬ್ಬರಿಗೆ ಮಾತ್ರ, ಹೆಸರು ಕೊಟ್ಟು ಕೊಳ್ಳಬೇಕು. ಬರೆಯುವವರೂ ಅವರೇ, ಕಂಪನಿಗೆ ಸಂದೇಹ ಕೇಳುವವರೂ ಅವರೇ, ಇನ್ನೊಬ್ಬರು ಕೈ ಹಾಕುವಂತಿಲ್ಲ.

ಮೂರಕ್ಕೂ ಅವಳು ಒಂದೇ ಚಿತ್ರದಿಂದ ಪರೀಕ್ಷೆ ಮಾಡಿದ್ದಳು. ಗಂಡನ ಹಳೆಯ ಫೋಲ್ಡರಿನಲ್ಲಿ ಹದಿನೇಳು ಅಂತ ನಂಬರಿದ್ದ ಎಕ್ಸ್‌ರೇ. ಒಂದು ಪಕ್ಕದ ಹಲ್ಲಿನ ಒಳಗೆ ಹುಳುಕಿತ್ತು, ಅದು ಎಷ್ಟು ತೆಳ್ಳಗಿತ್ತೆಂದರೆ, ಅದನ್ನು ತೋರಿಸಿದ ಟೂಲ್‌ಕಿಟ್ಟು ಏನನ್ನಾದರೂ ತೋರಿಸೀತು. ಮೂರನೆಯದು ಸೊಗಸಾಗಿ ತೋರಿಸಿತು. ಕೊಳ್ಳುವವರೆಗೆ ಚಿತ್ರದ ಮೇಲೆ ಪರೀಕ್ಷಾ ಪ್ರತಿ ಅಂತ ಅಡ್ಡಡ್ಡ ಬೂದು ಅಕ್ಷರ ಬೀಳುತ್ತಿತ್ತು, ಅಷ್ಟೆ.

ಶುಕ್ರವಾರ ಮಧ್ಯಾಹ್ನ, ಪರೀಕ್ಷೆಯ ಕೊನೆಯ ದಿನ. ಭಾವ ಹೆಲ್ಮೆಟ್ಟು ಹಾಕಿಕೊಂಡು ದೊಡ್ಡ ಕ್ಲಿನಿಕ್ಕಿಗೆ ಹೊರಟಿದ್ದರು. ಮೂರನೆಯದನ್ನೇ ಕೊಂಡುಬಿಡು, ಅವನ ಹೆಸರು ಹಾಕು ಅಂದರು. ಯಾರ ಹೆಸರು ಹಾಕಲಿ ಅಂತ ಅವಳು ಕೇಳಿರಲೇ ಇಲ್ಲ. ಕಿಟಕಿ ಪಕ್ಕದವನು ತಲೆ ಎತ್ತಲಿಲ್ಲ. ಅವಳು ಕೊಳ್ಳುವ ಪುಟ ತೆರೆದು, ಪ್ರೋಗ್ರಾಮರ ಹೆಸರು ಅನ್ನುವ ಕಡೆ ಗಂಡನ ಹೆಸರು ತುಂಬಿದಳು. ಇನ್ನು ಮುಂದೆ ಕಾಗದದ ಪ್ರಕಾರವೂ ಅವಳು ಆ ಕೆಲಸ ಮುಟ್ಟುವಂತಿಲ್ಲ. ಮನಸ್ಸಿಗೆ ಏನಾದರೂ ಆಗುತ್ತದೇನೋ ಅಂತ ಒಂದು ಗಳಿಗೆ ಕಾದಳು. ಏನೂ ಆಗಲಿಲ್ಲ.

ಒತ್ತುವ ಮುಂಚೆ ಕೊನೆಯ ಸಲ ನೋಡಿಬಿಡೋಣ ಅಂತ ಹದಿನೇಳನ್ನು ತೆರೆದಳು. ಗಂಡ ನೀರು ಕುಡಿಯಲು ಎದ್ದವನು ಅವಳ ಹಿಂದೆ ಹಾದು ಹೋಗುತ್ತಿದ್ದ. ನಿಂತ.

"ಇದು ತಿರುಗಿದೆ" ಅಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನ ದನಿಯಲ್ಲಿ ಕೆಲಸದ ಮಾತು ಕೇಳಿ ಅಷ್ಟು ಕಾಲವಾಗಿತ್ತು. ಮೊದಲನೇ ಟೂಲ್‌ಕಿಟ್ಟಿನಲ್ಲೂ ತೆರೆದು ಪಕ್ಕದಲ್ಲಿಡು ಅಂದ. ಇಟ್ಟಳು. ಅದರಲ್ಲಿ ಹುಳುಕು ಹಲ್ಲು ಬಲಕ್ಕಿತ್ತು, ಎದುರು ಕೂತವರ ಮುಖದ ಹಾಗೆ ರೋಗಿಯ ಎಡ ಸ್ಕ್ರೀನಿನ ಬಲಕ್ಕೇ ಬರಬೇಕು. ಇದರಲ್ಲಿ ಎಡಕ್ಕಿತ್ತು. ಇಪ್ಪತ್ತೆಂಟು ದಿನ ಅದೇ ಹುಳುಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು, ಎರಡನ್ನೂ ಒಮ್ಮೆಯೂ ಪಕ್ಕ ಪಕ್ಕ ಇಟ್ಟಿರಲಿಲ್ಲ. ಅವಳು ಹಿಂದೆ ಮಾಡಿದ್ದ ತಿದ್ದುಪಡಿ ಹಳೆಯ ಟೂಲ್‌ಕಿಟ್ಟಿನ ಜೊತೆಗೇ ಹೋಗಿತ್ತು, ಈ ಟೂಲ್‌ಕಿಟ್ಟು ಟಿಪ್ಪಣಿ ಓದುವುದಿಲ್ಲ. ಸೋಮವಾರ ಇದು ನಾಲ್ಕು ಕುರ್ಚಿಯ ಕ್ಲಿನಿಕ್ಕಿಗೆ ಹೋಗುತ್ತಿತ್ತು.

"ಹದಿನೇಳು ಯಾರದ್ದು ಗೊತ್ತಾ?" ಅಂದ ಅವನು.

"ಗೊತ್ತಿಲ್ಲ."

"ಆ ಹೊಲಿಗೆಯವಳದು."

ಅವಳು ಮೌಸಿನಿಂದ ಕೈ ತೆಗೆದಳು. ಇದನ್ನು ಬಿಟ್ಟು ಬೇರೆ ಕೊಳ್ಳಲು ದಿನವೂ ಇಲ್ಲ, ಹಣವೂ ಇಲ್ಲ ಅಂತ ಅವಳು ಗೊಣಗಿದಳು. ಅವನು ಬಿಡುವುದೇನೂ ಬೇಡ ಅಂದ. ಟಿಪ್ಪಣಿಯನ್ನು ನಾವೇ ಓದಿ ತಿರುಗಿಸಿದರೆ ಸಾಕು, ನಾಲ್ಕು ಸಾಲಿನ ಕೆಲಸ. ಹೋದ ವರ್ಷ ಅಳತೆ ತಪ್ಪುತ್ತಿತ್ತು ಅಂತ ನೀನು ಒಂದು ಭಾಗ ಹೊಸದಾಗಿ ಬರೆದೆಯಲ್ಲ, ಅದರ ಮೇಲುಗಡೆ ಸೇರಿಸು ಅಂದ. ಅವಳು ಸೇರಿಸಿದಳು. ಅವನು ಹಿಂದೆ ನಿಂತು ನೋಡಿದ. ಮತ್ತೆ ತೆರೆದಾಗ ಹುಳುಕು ಹಲ್ಲು ಬಲಕ್ಕೆ ಹೋಗಿ ಕೂತಿತು. ಅವನು ಬೇರೆ ಯಂತ್ರದ ಇನ್ನೂ ಆರು ಚಿತ್ರ ತೆಗೆಸಿ, ಒಂದೊಂದನ್ನೂ ಬೆರಳಿಟ್ಟು ನೋಡಿ, ಸರಿ ಇದೆ ಅಂದ.

ಆಗ ಅವಳಿಗೆ ಹೊಳೆಯಿತು. ಅಳತೆಯ ಭಾಗ ಅವಳು ಬರೆದಿದ್ದು ಇವನಿಗೆ ಹೇಗೆ ಗೊತ್ತು? ಹೇಳಿದವರು ಯಾರು? ಕೇಳಲು ಬಾಯಿ ತೆರೆದವಳು, ಕುರ್ಚಿ ಇಳಿಸುವ ಹಿಡಿಯ ಮೇಲೆ ಕೈ ಬಿದ್ದು ಹಾಗೇ ತಡೆದಳು. ಅವನು ಅವಳಿಗಿಂತ ಗೇಣುದ್ದ ಎತ್ತರ.

"ದಿನಾ ಇಲ್ಲಿ ಕೂರ್ತೀರಾ ನೀವು?"

ಬೆಳಿಗ್ಗೆ ಅವಳು ಮೇಲೆ ಅಡುಗೆಮನೆಯಲ್ಲಿರುವಾಗ ಕೂರುತ್ತೇನೆ ಅಂದ. ಹಿಂದಿನ ದಿನ ಅವಳು ಬರೆದದ್ದನ್ನೆಲ್ಲ ಓದುತ್ತಾನಂತೆ. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವಂತೆ.

"ಮತ್ತೆ ಒಂದು ದಿನವೂ ಹೇಳಲಿಲ್ಲವಲ್ಲ."

"ತಪ್ಪು ಸಿಕ್ಕಿದ್ರೆ ಹೇಳ್ತಿದ್ದೆ" ಅಂದ ಅವನು. "ಸಿಗಲಿಲ್ಲ."

ಎಲ್ಲಿತ್ತೋ ಕೋಪ, ಬಂತು. ಒಂದೂವರೆ ವರ್ಷದಿಂದ ಬರದಿದ್ದದ್ದು, ಕಿವಿ ಬಿಸಿಯಾಗುವಷ್ಟು ಬಂತು. ತುಟಿಯಲ್ಲಿ ಸೂಜಿಯ ಮದ್ದು ಇಳಿಯುವಾಗ ಮೊದಲು ಬರುವುದು ನೋವೇ.

"ತಪ್ಪಿಲ್ಲ ಅನ್ನೋದನ್ನೂ ಹೇಳಬಹುದಿತ್ತು ನೀವು" ಅಂದಳು. "ಒಬ್ಬಳೇ ಇದೀನಿ ಅಂದ್ಕೊಂಡು ಸತ್ತು ಹೋಗಿದ್ದೆ ನಾನು."

ಅವನು ಪ್ಲಾಸ್ಟರಿನ ದವಡೆಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ. ಆಮೇಲೆ ಸ್ಕ್ರೀನಿನಲ್ಲಿ ತನ್ನ ಹೆಸರಿದ್ದ ಕಡೆ ಬೆರಳು ತೋರಿಸಿ, "ಅದನ್ನ ಅಳಿಸು. ನಿನ್ನದು ಹಾಕು" ಅಂದ. ನಾನು ಬರೆಯುವುದಿಲ್ಲ, ಬರೆಯಲು ಕೈ ಬರುವುದಿಲ್ಲ, ಓದುವುದಾದರೆ ಓದುತ್ತೇನೆ ಅಂತಲೂ ಸೇರಿಸಿದ. ಅವಳು ಒಂದೊಂದೇ ಅಕ್ಷರ ಅಳಿಸಿದಳು. ತನ್ನ ಹೆಸರು ತುಂಬಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಹದಿನೇಳರ ಮೇಲಿನ ಬೂದು ಅಕ್ಷರ ಹೋಗಿ ಹಲ್ಲುಗಳಷ್ಟೇ ಉಳಿದವು.

ಫೋನು ಬಂತು. ಭಾವ. ದೊಡ್ಡ ಕ್ಲಿನಿಕ್ಕಿನಿಂದ. ಡಾಕ್ಟರಮ್ಮನಿಗೆ ಏನೋ ಕೇಳಬೇಕಂತೆ, ಅವನಿಗೆ ಕೊಡು ಅಂದವರೇ ಫೋನನ್ನು ಆಕೆಗೆ ದಾಟಿಸಿದರು. ಆಕೆ ಸುತ್ತಿ ಬಳಸಲಿಲ್ಲ. ನಿಮ್ಮ ಪ್ರೋಗ್ರಾಮಿನಿಂದ ಹಿಂದೊಮ್ಮೆ ಎಡ ಬಲ ತಪ್ಪಿ ಏನೋ ಆಗಿತ್ತಂತಲ್ಲ, ಈಗ ಸರಿಯಾಗಿ ತೋರಿಸುತ್ತದಾ, ಇಂಜಿನಿಯರ ಬಾಯಿಂದಲೇ ಕೇಳಬೇಕು ಅಂದರು.

ಒಂದು ನಿಮಿಷ ಅಂತ ಅವಳು ಫೋನಿಗೆ ಅಂಗೈ ಮುಚ್ಚಿದಳು. ಅಭ್ಯಾಸ ಎಲ್ಲಿ ಹೋಗುತ್ತದೆ. ಗೋಡೆ ನೋಡುತ್ತ ಎಣಿಸತೊಡಗಿದಳು. ಒಂದು, ಎರಡು, ಮೂರು. ಗಂಡ ಅಲ್ಲೇ ನಿಂತು ಅವಳ ಮುಚ್ಚಿದ ಕೈಯನ್ನೇ ನೋಡುತ್ತಿದ್ದ. ಇಷ್ಟು ದಿನ ಎಂಟು ಹೆಜ್ಜೆ ಆಚೆಯಿಂದ ಅವನು ಈ ಎಣಿಕೆಯನ್ನೂ ನೋಡಿಯೇ ಇದ್ದ ಅನ್ನುವುದು ಅವನ ಮುಖದಲ್ಲಿತ್ತು. ಅವನೂ ಎಣಿಸುತ್ತಿದ್ದನೋ ಏನೋ.

ಆರಕ್ಕೆ ಅವಳು ಕೈ ತೆಗೆದಳು.

"ಬರೆಯೋಳು ನಾನೇ ಡಾಕ್ಟರೇ" ಅಂದಳು. "ಈ ಹೊಸದರಲ್ಲೂ ಇವತ್ತು ಮಧ್ಯಾಹ್ನದವರೆಗೆ ಎಡ ಬಲ ತಪ್ಪಿತ್ತು. ಈಗ ಸರಿ ಮಾಡಿದೀವಿ. ಇಬ್ಬರೂ ನೋಡಿದೀವಿ."