ಎಡಕ್ಕೆ ಬರುವ ಸೂಜಿ

ನನ್ನ ಗಂಡ ಬೆನಿಗ್ನೊ ಹೊಸ ಕ್ರೈಸ್ತ ಸಭೆ ಸೇರಿದ ಮೇಲೆ ಮೊದಲು ಬಿಟ್ಟದ್ದು ಬಿಯರು. ಆ ಸಂತೋಷಕ್ಕೆ ನಾನೇ ಹೋಗಿ ಕನ್ಯಾಮರಿಯಮ್ಮನಿಗೆ ಮೇಣದಬತ್ತಿ ಹಚ್ಚಿ ಬಂದೆ. ಆಮೇಲೆ ಹಬ್ಬದ ಕುಣಿತ ಬಿಟ್ಟ, ಅದನ್ನೂ ನುಂಗಿಕೊಂಡೆ. ಲಾ ಕುಂಬ್ರೆ ಘಟ್ಟದ ಮೇಲೆ ಕಾರು ನಿಲ್ಲಿಸಿ ಭೂತಾಯಿಗೆ ಮದ್ಯ ಎರೆಯುವುದನ್ನೂ ಬಿಡುತ್ತೇನೆ ಅಂದಾಗ ಮಾತ್ರ ನನಗೆ ತಲೆ ಕೆಟ್ಟಿತು.

ಲಾ ಪಾಸ್‌ನಿಂದ ಯುಂಗಾಸ್ ಕಣಿವೆಗೆ ಇಳಿಯುವವರು ಆ ಘಟ್ಟದ ನೆತ್ತಿಯಲ್ಲಿ, ಹರಕೆಯ ಕಲ್ಲುಗುಡ್ಡೆಯ ಹತ್ತಿರ ನಿಲ್ಲದೆ ಹೋಗುವುದಿಲ್ಲ. ಚಕ್ರಗಳಿಗೆ ಒಂದೊಂದು ಹನಿ, ಭೂತಾಯಿ ಪಚಮಾಮಾಗೆ ಒಂದು ಗುಟುಕು, ಅಲ್ಲೇ ಕಾದು ಕೂತ ನಾಯಿಗಳಿಗೆ ಬ್ರೆಡ್ಡು. ಎಂಜಿನ್ ಮಾತ್ರ ಯಾರೂ ಆರಿಸುವುದಿಲ್ಲ. ಆ ಚಳಿಯಲ್ಲಿ ಅದು ಮತ್ತೆ ಹೊತ್ತಿಕೊಳ್ಳುತ್ತದೆ ಅನ್ನುವ ನಂಬಿಕೆ ಅಲ್ಲಿ ಯಾರಿಗೂ ಇಲ್ಲ.

"ಕಲ್ಲುಗುಡ್ಡೆಗೆ ಕುಡಿಸಿ ಯಾರೂ ಉದ್ಧಾರ ಆಗಿಲ್ಲ ಕಣೇ ಕಸಿಮಿರಾ," ಅಂದ. "ಕಾಪಾಡೋನು ಮೇಲಿದಾನೆ."

"ಮೇಲಿರೋನಿಗೆ ಕೆಳಗಿನ ತಿರುವು ಕಾಣುತ್ತಾ ಅಂತ ಮೊದ್ಲು ಕೇಳ್ಕೊಂಡ್ ಬಾ," ಅಂದೆ.

ನಮ್ಮ ಕಾರಿನ ವಿಷಯ ಹೇಳಬೇಕು. ಅದು ಜಪಾನಿನಿಂದ ಬಂದ ಹಳೆಯ ಗಾಡಿ. ಅಲ್ಲಿ ಸ್ಟೀರಿಂಗು ಬಲಕ್ಕಿರುತ್ತದಂತೆ. ಇಲ್ಲಿಗೆ ಬಂದ ಮೇಲೆ ಒರೂರೊ ಕಡೆಯ ಯಾವುದೋ ಶೆಡ್ಡಿನಲ್ಲಿ ಸ್ಟೀರಿಂಗು, ಪೆಡಲು, ಬ್ರೇಕು ಎಲ್ಲವನ್ನೂ ಕಿತ್ತು ಎಡಕ್ಕೆ ಸಾಗಿಸಿದ್ದರು. ಮೀಟರುಗಳನ್ನು ಸಾಗಿಸಲು ಅವರಿಗೆ ಬೇಜಾರಾಗಿರಬೇಕು, ಅವು ಬಲಗಡೆಯೇ ಉಳಿದವು. ಹಾಗಾಗಿ ಗಾಡಿ ಓಡಿಸುವವನು ಅವನು, ಗಾಡಿಯ ಗುಟ್ಟೆಲ್ಲ ಗೊತ್ತಿರುವವಳು ನಾನು. ವೇಗ ಎಷ್ಟು ಅಂತ ಅವನು ನನ್ನನ್ನೇ ಕೇಳಬೇಕು. ಸಿಟ್ಟು ಬಂದ ದಿನ ನಾನು ಹೇಳುವುದಿಲ್ಲ.

ಆ ಮೀಟರುಗಳಲ್ಲಿ ನನಗೆ ಇಷ್ಟವಾದದ್ದು ಮೂಲೆಯ ಪುಟ್ಟದು. ಅದರ ಸೊನ್ನೆ ನಡುವೆ ಇದೆ. ಸೂಜಿ ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ. ವಿಯಾ ಫಾತಿಮಾ ಬಡಾವಣೆಯ ನಮ್ಮ ಮೆಕ್ಯಾನಿಕ್ ದೋನ್ ಹಸಿಂತೊ ಅದನ್ನು ಒಮ್ಮೆ ಬಿಡಿಸಿ ಹೇಳಿದ್ದ. ಪೆಡಲಿನಿಂದ ಕಾಲು ತೆಗೆದರೆ ಎಂಜಿನ್ನಿನ ಗಾಳಿಯ ಬಾಗಿಲು ಮುಚ್ಚುತ್ತದೆ. ಎಂಜಿನ್ನು ಒಳಗಿನಿಂದ ಎಳೆಯುತ್ತಲೇ ಇರುತ್ತದೆ, ಬಾಗಿಲ ಹಿಂದಿನ ಕೊಳವೆ ಖಾಲಿಯಾಗುತ್ತದೆ, ಸೂಜಿ ಎಡಕ್ಕೆ. ಕಾಲು ಒತ್ತಿದರೆ ಬಾಗಿಲು ತೆರೆದು, ಟರ್ಬೋ ಅನ್ನುವ ಪಂಪು ಅದೇ ಕೊಳವೆಗೆ ಗಾಳಿ ತುರುಕುತ್ತದೆ, ಸೂಜಿ ಬಲಕ್ಕೆ. ನಮ್ಮ ಎತ್ತರದಲ್ಲಿ ಮನುಷ್ಯರಿಗೇ ಗಾಳಿ ಸಾಲದು, ಉಳಿದ ಕಾರುಗಳು ಕೆಮ್ಮುತ್ತ ಹತ್ತುತ್ತವೆ. ನಮ್ಮದು ಇಲ್ಲದ ಗಾಳಿಯನ್ನು ಎಲ್ಲಿಂದಲೋ ಬಾಚಿ ತಂದು ತನ್ನ ಎದೆಗೆ ತುಂಬಿಕೊಳ್ಳುತ್ತಿತ್ತು. ಅದನ್ನು ನೋಡುತ್ತ ಕೂತರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಆ ಮಾತಾದ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಬಾಡಿಗೆಗೆ ಹತ್ತಿದ, ಕೋಕಾ ಎಲೆ ವ್ಯಾಪಾರದ ಇಬ್ಬರು ಹೆಂಗಸರಿದ್ದರು. ಹತ್ತುವ ದಾರಿಯುದ್ದಕ್ಕೂ ಸೂಜಿ ಬಲಕ್ಕೇ ನಿಂತಿತ್ತು. ನೆತ್ತಿ ಬಂತು. ಕಲ್ಲುಗುಡ್ಡೆ ಕಂಡಿತು, ನಾಯಿಗಳು ಎದ್ದು ನಿಂತವು. ಬೆನಿಗ್ನೊ ಭಜನೆ ಗುನುಗುತ್ತ, ಕಾಲು ಸಡಿಲಿಸದೆ ಅದನ್ನು ದಾಟಿಯೇಬಿಟ್ಟ. ನಾನು ಕಿಟಕಿಯಿಂದ ಬ್ರೆಡ್ಡು ಎಸೆದೆ. ಹಿಂದೆ ಕೂತವರಲ್ಲಿ ಒಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು.

ಮೊದಲ ತಿರುವಿಗೆ ಅವನು ಬ್ರೇಕು ಒತ್ತಿದ. ಭಜನೆ ನಿಂತಿತು.

"ಕಸಿಮಿರಾ," ಅಂದ, ಮೆಲ್ಲಗೆ. "ಪೆಡಲು ಕಲ್ಲಾಗಿದೆ."

ಎರಡೂ ಕಾಲು ಊರಿ, ಸೀಟಿನಿಂದ ಎದ್ದು ತುಳಿದ. ಕಾರು ಒಲ್ಲದ ಮನಸ್ಸಿನಿಂದ ಸ್ವಲ್ಪ ನಿಧಾನವಾಯಿತು. ಪ್ರಪಾತದ ಕಡೆ ನಾನು ನೋಡಲಿಲ್ಲ, ಸೂಜಿಯನ್ನೇ ನೋಡುತ್ತಿದ್ದೆ. ಅದಾಗಲೇ ಎಡಕ್ಕೆ ಬಂದು ನಡುಗುತ್ತಿತ್ತು. ಬೆನಿಗ್ನೊ ಸ್ಟೀರಿಂಗನ್ನು ಬೆಟ್ಟದ ಬದಿಗೆ ತಿರುಗಿಸಿದ. ಬಲಗಡೆಯ ಮುಂದಿನ ಚಕ್ರ ಚರಂಡಿಗೆ ಇಳಿದು, ಕಾರು ಜಲ್ಲಿಕಲ್ಲನ್ನು ಉಜ್ಜಿಕೊಂಡು ನಿಂತಿತು. ಅವನು ಇನ್ನೂ ತುಳಿಯುತ್ತಲೇ ಇದ್ದ. ಈಗ ಪೆಡಲು ಬೆಣ್ಣೆಯ ಹಾಗೆ ಇಳಿಯುತ್ತಿತ್ತು.

ಹೆಂಗಸರು ಬೇರೆ ವ್ಯಾನು ಹತ್ತಿ ಹೋದರು. ನಾವು ಆಮೆಯ ಹಾಗೆ ತೆವಳುತ್ತ ವಾಪಸಾದೆವು. ಅದು ಭೂತಾಯಿಯ ಮುನಿಸು ಅಂತ ನಾನು, ಸೈತಾನನ ಪರೀಕ್ಷೆ ಅಂತ ಅವನು. ಇನ್ನು ಮೇಲೆ ನೆತ್ತಿಯಲ್ಲಿ ನಿಲ್ಲದ ಗಾಡಿಗೆ ಕಾಲಿಡುವುದಿಲ್ಲ ಅಂತ ಹೇಳಿಯೇಬಿಟ್ಟೆ. ಹಾಗಾದರೆ ಬರಬೇಡ ಅಂದ. ಮದುವೆಯಾದಂದಿನಿಂದ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ನನಗೆ ತಿರುವಿನಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾದದ್ದು ಆಗಲೇ.

ಗ್ಯಾರೇಜಿನಲ್ಲಿ ದೋನ್ ಹಸಿಂತೊ ಎಂಜಿನ್ ಹಚ್ಚಿ, ಸೀಟಿನಲ್ಲಿ ಕೂತು ಬ್ರೇಕು ಒತ್ತಿದ. ಮತ್ತೆ ಮತ್ತೆ ಒತ್ತಿದ. ಏನೂ ತೊಂದರೆಯಿಲ್ಲ.

"ನಿಮ್ ಸಭೇಲಿ ಕಾಲಿಗೆ ಬಲ ಬರೋ ಪ್ರಾರ್ಥನೆ ಯಾವ್ದೂ ಇಲ್ವೇನಯ್ಯಾ?" ಅಂತ ಗಂಡನನ್ನು ಕೆಣಕಿದ.

ಬೆನಿಗ್ನೊ ನೆಲ ನೋಡಿದ. ನನಗೆ ಅವನ ಮೇಲೆ ಸಿಟ್ಟಿತ್ತು ನಿಜ, ಹಾಗಂತ ಬೇರೆಯವರು ಆಡಿಕೊಂಡರೆ ಸುಮ್ಮನಿರಲಾಗುತ್ತದೆಯೇ?

"ನಿಂತಾಗ ಚೆನ್ನಾಗೇ ಇರುತ್ತೆ ಕಣಯ್ಯಾ, ಸೂಜಿ ಎಡಕ್ಕಿದೆ ನೋಡು," ಅಂದೆ. "ಅದು ಬಲಕ್ಕೆ ಹೋಗಿ ಬಂದ ತಕ್ಷಣ ಒತ್ತಿ ನೋಡಿದೀಯಾ?"

ಹಸಿಂತೊ ಸೀಟಿನಿಂದ ಇಳಿದ. ಬಾನೆಟ್ ಎತ್ತಿ, ಬ್ರೇಕಿನ ಹಿಂದಿನ ದುಂಡು ಡಬ್ಬದಿಂದ ಎಂಜಿನ್ನಿಗೆ ಹೊರಟ ಕೊಳವೆಯ ಮೇಲೆ ಬೆರಳಾಡಿಸುತ್ತ ಹೋದ. ಬ್ರೇಕನ್ನು ಎಡಕ್ಕೆ ಸಾಗಿಸಿದಾಗ ಕೊಳವೆ ಗಿಡ್ಡವಾಗಿತ್ತು. ಗಿಡಕ್ಕೆ ನೀರು ಬಿಡುವ ಸಣ್ಣ ಪೈಪಿನ ತುಂಡು ಹಾಕಿ ಉದ್ದ ಮಾಡಿದ್ದರು. ಮೊದಲು ಆ ಜಾಗದಲ್ಲಿದ್ದ ಏನನ್ನೋ ಕಿತ್ತು ಬಿಸಾಡಿದ್ದರು.

ಅವನು ಒಳಗಿನಿಂದ ಹೆಬ್ಬೆಟ್ಟಿನಷ್ಟಿದ್ದ ಪ್ಲಾಸ್ಟಿಕ್ಕಿನ ಬಿಡಿಭಾಗವೊಂದನ್ನು ತಂದು ನನ್ನ ಅಂಗೈಗೆ ಹಾಕಿ, ಊದು ಅಂದ. ಊದಿದೆ, ಗಾಳಿ ಹೋಯಿತು. ತಿರುಗಿಸಿ ಊದಿದೆ, ಕೆನ್ನೆ ಉಬ್ಬಿತೇ ಹೊರತು ಒಂದು ಎಳೆಯೂ ದಾಟಲಿಲ್ಲ. ಆಗ ಅವನು ಹೇಳಿದ್ದು ಇದು. ಆ ಡಬ್ಬದೊಳಗೆ ಗಾಳಿ ಇರಬಾರದು. ಒಳಗೆ ಖಾಲಿಯಿದ್ದರೆ ಹೊರಗಿನ ಗಾಳಿಯೇ ಕಾಲಿನ ಜೊತೆ ಸೇರಿ ಬ್ರೇಕು ಒತ್ತುತ್ತದೆ. ಎಂಜಿನ್ನು ಎಳೆಯುವಾಗ ನನ್ನ ಕೈಲಿದ್ದ ಈ ಒಮ್ಮುಖ ಬಾಗಿಲು ತೆರೆದು ಡಬ್ಬವನ್ನು ಖಾಲಿ ಮಾಡಿಸುತ್ತದೆ, ಟರ್ಬೋ ತಳ್ಳುವಾಗ ಮುಚ್ಚಿಕೊಂಡು ಆ ಖಾಲಿಯನ್ನು ಕಾಯುತ್ತದೆ. ನಮ್ಮ ಗಾಡಿಯಲ್ಲಿ ಕಾಯುವವರೇ ಇರಲಿಲ್ಲ. ಏರಿನುದ್ದಕ್ಕೂ ಟರ್ಬೋ ಡಬ್ಬಕ್ಕೇ ಗಾಳಿ ತುರುಕುತ್ತಿತ್ತು. ಕಾಲು ತೆಗೆದ ಮೇಲೂ ಆ ಸಣ್ಣ ಪೈಪಿನಲ್ಲಿ ಅದು ಖಾಲಿಯಾಗುವುದಕ್ಕೆ ಹೊತ್ತು ಬೇಕಿತ್ತು.

"ವರ್ಷದಿಂದ ಈ ಗಾಡೀಲಿ ಇಳೀತಿದೀರಲ್ಲ," ಅಂದ ಹಸಿಂತೊ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಹೇಗ್ ಉಳಿದ್ರಿ ನೀವು?"

ಬೆನಿಗ್ನೊ ಆ ಡಬ್ಬದ ಮೇಲೆ ಕೈಯಿಟ್ಟ.

"ನೆತ್ತೀಲಿ ನಿಲ್ತಿದ್ವಿ," ಅಂದ.

ನನಗೆ ಗೆದ್ದ ಹಾಗೆ ಅನ್ನಿಸಲೇ ಇಲ್ಲ. ನಾನು ಹನಿ ಎರೆಯುತ್ತಿದ್ದಷ್ಟು ಹೊತ್ತು, ನಾಯಿಗಳಿಗೆ ಬ್ರೆಡ್ಡು ಮುರಿಯುತ್ತಿದ್ದಷ್ಟು ಹೊತ್ತು, ನಮ್ಮ ಬೆನ್ನ ಹಿಂದೆ ಎಂಜಿನ್ನು ಸದ್ದಿಲ್ಲದೆ ಆ ಡಬ್ಬವನ್ನು ಖಾಲಿ ಮಾಡುತ್ತಿತ್ತು. ಪ್ರತಿ ಸಲವೂ. ನಮಗೆ ಗೊತ್ತೇ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಹಸಿಂತೊ ಹೊಸ ಕೊಳವೆಯನ್ನೂ ಆ ಒಮ್ಮುಖ ಬಾಗಿಲನ್ನೂ ಹಾಕಿಕೊಟ್ಟ. ಇನ್ನು ನಿಲ್ಲಬೇಕಾದ ಅಗತ್ಯವೇ ಇಲ್ಲ, ಬೇಕಾದರೆ ಹಾರಿಸಿಕೊಂಡು ಹೋಗಿ ಅಂದ. ನನ್ನ ಕೈಲಿದ್ದ ಒಂದೇ ಅಸ್ತ್ರವನ್ನೂ ಹಾಗೆ ಕಿತ್ತುಕೊಂಡ. ಬೆನಿಗ್ನೊ ಬಾ ಅನ್ನಲಿಲ್ಲ, ನನ್ನ ಕಡೆಯ ಬಾಗಿಲನ್ನು ತೆರೆದಿಟ್ಟು ಕಾದ. ಮದ್ಯದ ಪುಟ್ಟ ಸೀಸೆಯನ್ನು ಲಂಗದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹತ್ತಿ ಕೂತೆ.

ಏರಿನುದ್ದಕ್ಕೂ ಸೂಜಿ ಬಲಕ್ಕೇ ನಿಂತಿತ್ತು. ನೆತ್ತಿ ಬಂತು. ಈ ಸಲ ಅವನು ಕಾಲು ತೆಗೆದ, ಒಡನೆಯೇ ಬ್ರೇಕು ಒತ್ತಿದ. ಕಾರು ಹೇಳಿದ ಮಾತು ಕೇಳಿ ಕಲ್ಲುಗುಡ್ಡೆಯ ಪಕ್ಕ ನಿಂತಿತು.

"ಬ್ರೇಕ್ ನೋಡೋಣ ಅಂತ ನಿಲ್ಲಿಸ್ದೆ, ಅಷ್ಟೇ," ಅಂದ.

ಆಮೇಲೆ ಆ ನೆತ್ತಿಯಲ್ಲಿ ಯಾರೂ ಮಾಡದ ಕೆಲಸ ಮಾಡಿದ, ಎಂಜಿನ್ ಆರಿಸಿದ. ಗಾಳಿಯ ಸದ್ದೊಂದೇ ಉಳಿಯಿತು. ಸೂಜಿ ಸೊನ್ನೆಗೆ ಬಂದು ಮಲಗಿತು. ಅವನು ನನ್ನನ್ನು ಬಗ್ಗಿಸಿ, ನನ್ನ ಕೈ ಹಿಡಿದು ಬ್ರೇಕಿನ ಪೆಡಲಿನ ಮೇಲೆ ಇರಿಸಿದ. ಒತ್ತಿದೆ. ಎಂಜಿನ್ನು ಸತ್ತಿದ್ದರೂ ಅದು ಮೆತ್ತಗೆ ಇಳಿಯಿತು. ಕಾಣದ, ಮುಟ್ಟಲಾಗದ, ಬರೀ ಖಾಲಿ ಅನ್ನಿಸುವ ಏನೋ ಒಂದು ಅಲ್ಲಿ ಕೂತು ನನ್ನ ಅಂಗೈಯ ಜೊತೆ ತಳ್ಳುತ್ತಿತ್ತು. ಅವನ ಮುಖ ನೋಡಿದೆ. ಪ್ರಾರ್ಥನೆಯಲ್ಲಿದ್ದಾಗ ಇರುವ ಮುಖ ಅದು.

ನಾನು ಸೀಸೆ ಹಿಡಿದು ಇಳಿದೆ. ಅವನು ತಡೆಯಲಿಲ್ಲ, ತಾನೂ ಇಳಿಯಲಿಲ್ಲ, ಮುಂದಿನ ಗಾಜಿನತ್ತಲೇ ನೋಡುತ್ತ ಕೂತ. ಪಚಮಾಮಾಗೆ ಎರೆದೆ, ಚಕ್ರಗಳಿಗೆ ಹನಿಸುತ್ತ ಕಾರಿನ ಸುತ್ತ ಬಂದೆ, ನಾಯಿಗಳಿಗೆ ಬ್ರೆಡ್ಡು ಮುರಿದು ಹಾಕಿದೆ. ಸೀಸೆಯ ಮುಚ್ಚಳ ತಿರುಗಿಸುತ್ತಿದ್ದಾಗ ಕಿಟಕಿಯ ಗಾಜು ಇಳಿಯಿತು.

"ಬಲಗಡೆ ಮುಂದಿನ ಚಕ್ರಕ್ಕೆ ಹಾಕೋದ್ ಮರ್ತಿದೀಯ ನೋಡು," ಅಂದ ಬೆನಿಗ್ನೊ. "ಚರಂಡಿಗೆ ಬಿದ್ದದ್ದು ಅದೇ."