ಬಿಸಿಯಾಗಿದ್ದ ಜಾಡಿ

ಸೌಮ್ಯ ಕಾಗದಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ ಮೇಲೆಯೇ, ತೊಳೆಯಲು ಇಟ್ಟಿದ್ದ ಗಾಜಿನ ಕೊಳವೆಗಳ ಕಡೆ ಅವಳ ಕಣ್ಣು ಹೋದದ್ದು. ಅಷ್ಟರಲ್ಲಿ ಶಿವರಾಮು ಆ ಕಾಗದವನ್ನು ಹೊರಗೆ ಕಾಯುತ್ತಿದ್ದ ವ್ಯಾನಿನ ಡ್ರೈವರ್ ಕೈಗೆ ಕೊಟ್ಟೂ ಆಗಿತ್ತು.

ಹಬ್ಬಕ್ಕೆಂದು ಮಳವಳ್ಳಿಯ ತವರಿಗೆ ಹೋಗಿದ್ದವಳು ಆ ಬೆಳಿಗ್ಗೆ ಬಸ್ಸಿಳಿದು ನೇರವಾಗಿ ಕೆಲಸಕ್ಕೆ ಬಂದಿದ್ದಳು. ನಿಡಘಟ್ಟದ ಬಳಿಯ ಆ ಸಣ್ಣ ಖಾಸಗಿ ಹಾಲಿನ ಕೇಂದ್ರದಲ್ಲಿ ಪ್ರಯೋಗಾಲಯ ಅವಳ ಜವಾಬ್ದಾರಿ. ಸುತ್ತಿನ ಹಳ್ಳಿಗಳಲ್ಲಿ ಹಾಲು ಹಾಕುವ ಒಬ್ಬೊಬ್ಬರ ಮಾದರಿಯೂ ಚಿಕ್ಕ ಬಾಟಲಿಗಳಲ್ಲಿ ಅಲ್ಲಿಗೆ ಬರುತ್ತಿತ್ತು. ಕೊಬ್ಬು ಅಳೆಯುವ ಯಂತ್ರ ಹಬ್ಬಕ್ಕೆ ಮುಂಚೆ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿ ಮೈಸೂರಿಗೆ ರಿಪೇರಿಗೆ ಹೋಗಿದ್ದರಿಂದ ಈಗ ಹಳೆಯ ಪದ್ಧತಿಯೇ ಗತಿ. ಕೊಳವೆಗೆ ಅಳತೆಯ ಗಂಧಕಾಮ್ಲ, ಅದರ ಮೇಲೆ ಅಳತೆಯ ಹಾಲು. ಬಿರಡೆ ಹಾಕಿ ಗರಗರ ತಿರುಗಿಸಿದರೆ, ಆಸಿಡ್ಡು ಹಾಲಿನ ಉಳಿದೆಲ್ಲವನ್ನೂ ಕರಗಿಸಿ ಕೊಬ್ಬನ್ನು ಮಾತ್ರ ಮೇಲೆತ್ತಿ ನಿಲ್ಲಿಸುತ್ತದೆ. ಕೊಳವೆಯ ಕತ್ತಿನ ಗೆರೆಗಳಲ್ಲಿ ಅದನ್ನು ಓದಿಕೊಂಡರೆ ಆಯಿತು.

ಅವಳು ಸಹಿ ಹಾಕಿದ ಕಾಗದದಲ್ಲಿ ಇದ್ದದ್ದು ಚಿಕ್ಕಮಾದಮ್ಮನ ವಿಷಯ. ಆತಗೂರಿನ ಕಡೆಯ ಹಳ್ಳಿಯವಳು. ಹಬ್ಬದಿಂದೀಚೆಗೆ ಮೂರನೇ ಸಲವೂ ಅವಳ ಹಾಲಿನಲ್ಲಿ ಕೊಬ್ಬು ಕಡಿಮೆ ಬಂದಿತ್ತು. ಮೂರು ಸಲ ಕಡಿಮೆ ಬಂದರೆ ಆ ಹಾಲನ್ನು ನಿಲ್ಲಿಸಬೇಕೆಂಬುದು ಕೇಂದ್ರದ ನಿಯಮ.

ಸೌಮ್ಯ ಕೈಗವಸು ತೊಟ್ಟು ಒಂದು ಕೊಳವೆಯನ್ನು ಬೆಳಕಿಗೆ ಹಿಡಿದಳು. ಕೊಬ್ಬಿನ ಗೆರೆಯ ಕೆಳಗೆ ಕಾಫಿ ಡಿಕಾಕ್ಷನ್ನಿನಂತೆ ತಿಳಿಯಾಗಿರಬೇಕಿದ್ದ ಜಾಗದಲ್ಲಿ ನುಚ್ಚಿನಂಥ ಬಿಳಿ ಚೂರುಗಳು ನಿಂತಿದ್ದವು. ಇನ್ನೊಂದನ್ನು ಎತ್ತಿದಳು. ಅದರಲ್ಲೂ ಇದ್ದವು. ಮತ್ತೊಂದರಲ್ಲೂ.

"ಶಿವರಾಮಣ್ಣ, ಈ ಬಿಳಿ ಚೂರು ನೋಡ್ಲಿಲ್ವಾ?"

ಶಿವರಾಮು ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅಲ್ಲಿ ಅವಳಿಗಿಂತ ಮುಂಚಿನಿಂದ ಇದ್ದ ಸಹಾಯಕ. ಕತ್ತು ಕೆರೆದುಕೊಂಡ. "ನೋಡ್ದೆ ಮೇಡಂ. ಹಬ್ಬದ ಆಲಲ್ವಾ, ಒಬ್ಬಟ್ಟುಗಿಬ್ಬಟ್ಟು ತಿನ್ಸಿರ್ತಾರೆ ಅಸಿಗೆ ಅನ್ಕಂಡೆ."

ಬೇರೆ ದಿನವಾಗಿದ್ದರೆ ಸೌಮ್ಯ ನಗುತ್ತಿದ್ದಳು. ಆಸಿಡ್ಡಿನ ಸತ್ವ ಕಡಿಮೆಯಾದಾಗ ಹಾಲು ಪೂರ್ತಿ ಕರಗದೆ ಹೀಗೆ ಚೂರು ನಿಲ್ಲುತ್ತದೆ, ಕೊಬ್ಬೂ ಪೂರ್ತಿ ಮೇಲೇಳುವುದಿಲ್ಲ. ಕೊಳವೆಗಳನ್ನು ನೋಡಿ ಸಹಿ ಹಾಕಬೇಕಿತ್ತು. ವ್ಯಾನು ಕಾಯುತ್ತಿದೆ ಎಂದು ನೋಡದೆ ಹಾಕಿದ್ದಳು.

ಅಷ್ಟರಲ್ಲಿ ಮ್ಯಾನೇಜರ್ ಅಂಬರೀಶ್ ಒಳಗೆ ಬಂದ. "ಮುಗೀತು ಮೇಡಂ. ಸಂಜೆಯಿಂದ ಆಯಮ್ಮನ ಹಾಲು ತಗೋಬೇಡಿ ಅಂತ ಆ ಊರಿನ ಡೇರಿ ಕಾರ್ಯದರ್ಶಿ ಜವರಯ್ಯನೋರಿಗೆ ಫೋನ್ ಮಾಡ್ದೆ. ಕೆನೆ ತೆಗೆದು ನೀರು ಬೆರೆಸ್ತಾಳೆ. ಒಂದು ಸಾಂದ್ರತೆ ಏರಿಸಿದ್ರೆ ಇನ್ನೊಂದು ಇಳಿಸ್ತದೆ, ಅದಕ್ಕೇ ಲ್ಯಾಕ್ಟೋಮೀಟರ್ ಸರಿಯಾಗೇ ತೋರಿಸ್ತದೆ. ಜಾಣೆ!"

"ಸರ್, ಆಸಿಡ್ಡಲ್ಲೇ ಏನೋ ದೋಷ ಇದೆ ಅನ್ನಿಸ್ತಿದೆ. ಪರೀಕ್ಷೆ ಮಾಡೋವರೆಗೆ ತಡೀರಿ."

"ಸೀಲ್ ಇದ್ದ ಕ್ಯಾನು. ಬಂದ ದಿನ ನೀವೇ ಪರೀಕ್ಷೆ ಮಾಡಿ ಸರಿ ಇದೆ ಅಂದಿದ್ರಿ." ಅವನು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. "ನೋಡಿ, ನಾನು ಬೇರೆ ಅರ್ಥದಲ್ಲಿ ಹೇಳ್ತಿಲ್ಲ. ಆಯಮ್ಮನ ಪರವಾಗಿ ನೀವು ಮಾತಾಡಿದ್ರೆ ಊರೋರು ಏನಂತಾರೆ ಯೋಚನೆ ಮಾಡಿ."

ಯೋಚನೆ ಮಾಡುವ ಅಗತ್ಯವಿರಲಿಲ್ಲ. ಚಿಕ್ಕಮಾದಮ್ಮನ ಕೇರಿಯ ಹಾಲನ್ನು ಆ ಡೇರಿಯವರು ಹಾಕಿಸಿಕೊಳ್ಳಲು ಶುರುಮಾಡಿ ಬಹಳ ವರ್ಷಗಳೇನೂ ಆಗಿರಲಿಲ್ಲ. ಈಗಲೂ ಅವರು ಸಾಲಿನ ಕೊನೆಯಲ್ಲೇ ನಿಲ್ಲುವುದು. ಸೌಮ್ಯಳೂ ಮಳವಳ್ಳಿಯ ಅಂಥದೇ ಕೇರಿಯಲ್ಲಿ ಹುಟ್ಟಿ ಓದಿದವಳು. ಹಿಂದೊಮ್ಮೆ ಹಾಲು ಕರೆಯುವ ಶುಚಿಯ ಬಗ್ಗೆ ಹೇಳಲು ಆ ಊರಿಗೆ ಹೋಗಿದ್ದಾಗ ಎಲ್ಲರೂ ಕೇಳಿ ಎದ್ದು ಹೋದರು. ಚಿಕ್ಕಮಾದಮ್ಮ ಮಾತ್ರ ಉಳಿದು, ಚೊಂಬು ಬೆಳಗಿ ನೀರು ತಂದುಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಬಿಸಿಲಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಅವಳಿಗಿರುವುದು ಒಂದು ಸೀಮೆಹಸು. ಸೀಮೆಹಸುವಿನ ಹಾಲು ಮೊದಲೇ ತೆಳು. ಎಮ್ಮೆಯೂ ಇರುವ ಉಳಿದವರದು ಇಳಿದರೂ ನಿಯಮದ ಗೆರೆಯ ಮೇಲೆಯೇ ಉಳಿದಿರಬೇಕು, ಇವಳದು ಕೆಳಗೆ ಹೋಗಿದೆ. ಕಳ್ಳಿ ಎನ್ನಿಸಿಕೊಂಡು ಸಾಲಿನಿಂದ ಹೊರಗೆ ಹೋದವಳಿಗೆ ಆ ಊರಿನಲ್ಲಿ ಮತ್ತೆ ಸಾಲು ಸಿಕ್ಕುವುದಿಲ್ಲ.

ಸಂಜೆ ಹಾಲಿನ ಹೊತ್ತಿಗೆ ಮುಂಚೆ ತಿಳಿಯಬೇಕಿತ್ತು.

"ಸಾಂದ್ರತೆ ನೋಡೋ ತೇಲುಕಡ್ಡಿ ಎಲ್ಲಿ ಶಿವರಾಮಣ್ಣ?" ಅದನ್ನು ತೇಲಿಬಿಟ್ಟರೆ ಆಸಿಡ್ಡಿನ ಸತ್ವ ಬೇಗ ತಿಳಿಯುತ್ತದೆ.

"ಆಯುಧಪೂಜೆ ದಿನ ತೊಳಿವಾಗ ಒಡ್ದೋಯ್ತು ಮೇಡಂ. ಪೂಜೆಗಿಡಾನ ಅಂತ ತೊಳ್ದೆ."

ಹಾಗಾದರೆ ಉದ್ದದ ದಾರಿಯೇ ಆಗಬೇಕು. ಸೌಮ್ಯ ಕನ್ನಡಕ ಹಾಕಿ, ಅದರ ಮೇಲೆ ಮುಖಕವಚ ಇಳಿಸಿ, ರಬ್ಬರಿನ ಮೇಲಂಗಿ ಕಟ್ಟಿಕೊಂಡಳು. ಕಣ್ಣು ತೊಳೆಯುವ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ನೋಡಿದಳು. ಸೋಡಾಪುಡಿಯ ಬಕೆಟ್ಟನ್ನು ಕಾಲಳತೆಯ ದೂರಕ್ಕೆ ಎಳೆದುಕೊಂಡಳು. ಮನಸ್ಸು ಆಗಲೇ ಆತಗೂರಿನ ರಸ್ತೆಯಲ್ಲಿ ಓಡುತ್ತಿತ್ತು, ಕೈ ಮಾತ್ರ ನಿಧಾನವಾಗಿರಬೇಕಿತ್ತು. ಈ ಕೆಲಸದ ಕಷ್ಟವೇ ಅದು. ಗಂಧಕಾಮ್ಲ ಯಾರ ಅವಸರವನ್ನೂ ಕೇಳುವುದಿಲ್ಲ.

ಕ್ಯಾನಿನಿಂದ ಒಂದಿಷ್ಟೇ ಆಸಿಡ್ಡನ್ನು ಬಿರಡೆಯ ಪುಟ್ಟ ಶೀಶೆಗೆ ತೆಗೆದು ತೂಗಿದಳು. ತಣ್ಣೀರಿನ ಪಾತ್ರೆಗೆ ಅದನ್ನು ಹನಿಹನಿಯಾಗಿ ಬಿಟ್ಟಳು. ಆಸಿಡ್ಡು ನೀರಿಗೆ ಹೋಗಬೇಕೇ ಹೊರತು ನೀರು ಆಸಿಡ್ಡಿಗೆ ಹೋಗಬಾರದು. ಹೋದರೆ ಕುದಿದು ಮುಖಕ್ಕೆ ಎಗರುತ್ತದೆ. ಪಾತ್ರೆ ಬೆಚ್ಚಗಾಯಿತು. ಅದು ಆರಲು ಕಾಯಬೇಕಿತ್ತು. ಕಾಯುವಾಗ ಅವಳ ಕಾಲು ತನ್ನಷ್ಟಕ್ಕೆ ನೆಲವನ್ನು ತಟ್ಟುತ್ತಿತ್ತು. ಶಿವರಾಮು ಟೀ ತಂದು ಹೊರಗಿನ ಕಿಟಕಿಯ ಮೇಲಿಟ್ಟು ಅದರ ಮೇಲೆ ತಟ್ಟೆ ಮುಚ್ಚಿ ಹೋದ. ಆಮೇಲೆ ಬಣ್ಣ ತೋರಿಸುವ ದ್ರಾವಣ ಎರಡು ಹನಿ ಹಾಕಿ, ಗೆರೆ ಹಾಕಿದ ಉದ್ದ ಕೊಳವೆಯಿಂದ ಕ್ಷಾರವನ್ನು ಬಿಡುತ್ತ ಹೋದಳು. ಆಸಿಡ್ಡಿನ ಬಲವೆಲ್ಲ ತೀರಿದ ಗಳಿಗೆ ನೀರು ತೆಳು ಗುಲಾಬಿ ಬಣ್ಣಕ್ಕೆ ತಿರುಗಿತು. ಎಷ್ಟು ಕ್ಷಾರ ಹಿಡಿಯಿತೆಂದು ನೋಡಿ ಲೆಕ್ಕ ಹಾಕಿದಳು. ನೂರಕ್ಕೆ ತೊಂಬತ್ತೊಂದು ಭಾಗ ಆಸಿಡ್ಡು, ಉಳಿದದ್ದು ನೀರು.

ಇರಬೇಕಾದದ್ದೂ ಅಷ್ಟೇ. ಆಸಿಡ್ಡಿನಲ್ಲಿ ದೋಷವಿರಲಿಲ್ಲ.

ಸೌಮ್ಯ ಮುಖಕವಚ ಎತ್ತಿ ಸ್ಟೂಲಿನ ಮೇಲೆ ಕುಳಿತಳು. ಹಾಗಾದರೆ ಅಂಬರೀಶ್ ಹೇಳಿದ್ದೇ ಸರಿಯೇ? ಚೊಂಬು ಬೆಳಗಿ ನೀರು ಕೊಟ್ಟ ಮಾತ್ರಕ್ಕೆ ಕೆನೆ ತೆಗೆಯುವುದಿಲ್ಲ ಎಂದೇನಿದೆ? ನಮ್ಮವಳು ಎಂದು ನಾನೇ ಕಣ್ಣು ಕಟ್ಟಿಕೊಂಡೆನೇ? ಆದರೆ ಬಿಳಿ ಚೂರು? ಅದು ಎತ್ತಿ ನೋಡಿದ ಎಲ್ಲ ಕೊಳವೆಯಲ್ಲೂ ಇತ್ತಲ್ಲ. ಎದ್ದು ಆಚೀಚೆ ಓಡಾಡಿದಳು. ಓಡಾಡುತ್ತ ಮೇಜಿನ ತುದಿಯ ಕಂದು ಗಾಜಿನ ಜಾಡಿಯ ಎದುರು ನಿಂತುಬಿಟ್ಟಳು. ಅದರ ಹೊಟ್ಟೆಯ ಮೇಲೆ ಹಬ್ಬದ ವಿಭೂತಿ, ಕುಂಕುಮ ಇನ್ನೂ ಇದ್ದವು. ದಿನದ ಪರೀಕ್ಷೆಗೆ ಯಾರೂ ಕ್ಯಾನಿನಿಂದ ಆಸಿಡ್ಡು ಬಗ್ಗಿಸುವುದಿಲ್ಲ. ಕ್ಯಾನಿನಿಂದ ಈ ಜಾಡಿಗೆ ತುಂಬಿಕೊಂಡು, ಇದರ ಅಳತೆಮೂತಿಯಿಂದ ಕೊಳವೆಗೆ ಬಿಡುವುದು.

ಮತ್ತೆ ಕವಚ ಇಳಿಸಿದಳು. ಮತ್ತೆ ತೂಗುವುದು, ತಣ್ಣೀರು, ಕಾಯುವುದು. ಈ ಸಲ ಗುಲಾಬಿ ಬಣ್ಣ ಬೇಗನೆ ಬಂತು. ನೂರಕ್ಕೆ ಎಂಬತ್ತನಾಲ್ಕು. ನಂಬದೆ ಇನ್ನೊಮ್ಮೆ ಮಾಡಿದಳು. ಎಂಬತ್ತನಾಲ್ಕೇ.

"ಶಿವರಾಮಣ್ಣ, ಈ ಜಾಡಿ ತುಂಬಿದ್ದು ಯಾವತ್ತು?"

"ಪೂಜೆ ಆದ್ ಮಾರ್ನೆ ದಿನ."

"ತುಂಬುವಾಗ ಬಿಸಿ ಆಯ್ತಾ?"

ಶಿವರಾಮು ಜಾಡಿಯ ಕಡೆ ನೋಡಿದ. "ಕೈ ಇಡಾಕಾಗ್ನಿಲ್ಲ ಮೇಡಂ. ಕಿಟಕೀಲಿ ಬಿಸ್ಲು ಬಿದ್ದಿತ್ತು, ಅದ್ಕೆ ಅನ್ಕಂಡೆ." ಆಮೇಲೆ ಅವನ ಮುಖ ನಿಧಾನವಾಗಿ ಬಿಳುಚಿಕೊಂಡಿತು. "ಅಯ್ಯೋ ಸಿವನೇ. ಬರೀ ಜಾಡಿ ಪೂಜೆಗೆ ಇಡಬಾರ್ದಲ್ವಾ? ತೊಳ್ದು, ಒಂದ್ ಲೋಟ ನೀರು ಬುಟ್ಟು ಇಟ್ಟಿದ್ದೆ. ಪೂಜೆಗಿಟ್ಟಿದ್ದ ಮಾರ್ನೆ ದಿನದ ಗಂಟ ಅಲ್ಲಾಡಿಸ್ಬಾರ್ದು ಅಂತ ಅಂಗೇ ಬುಟ್ಟೆ. ಆಮ್ಯಾಕೆ ಮರ್ತು..."

"ಅದರ ಮೇಲೇ ಆಸಿಡ್ ಸುರಿದ್ರಿ."

ಶಿವರಾಮು ತಲೆಯಾಡಿಸಿದ. ಜಾಡಿ ಸೀಳದೆ ಉಳಿದದ್ದೇ ಹೆಚ್ಚು. ಸೌಮ್ಯಳಿಗೆ ಬೈಯಬೇಕೆನ್ನಿಸಿತು. ಅಷ್ಟರಲ್ಲಿ ಅವನು ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡದ್ದು ಕಂಡಿತು.

"ಕೈ ತೋರಿಸಿ."

"ಏನಿಲ್ಲ ಮೇಡಂ."

"ತೋರಿಸಿ ಅಂದೆ."

ರೂಪಾಯಿ ಅಗಲದ ಸುಟ್ಟ ಗಾಯ ಒಣಗುತ್ತ ಬಂದಿತ್ತು. "ಅವತ್ತು ನಿಮ್ಗೆ ಫೋನ್ ಮಾಡಾನ ಅನ್ಕಂಡೆ. ಹಬ್ಬಕ್ಕೆ ವೋಗವ್ರೆ, ಉಣ್ಣೋ ಹೊತ್ತಲ್ಲಿ ಯಾಕೆ ಅಂತ ಸುಮ್ನಾದೆ."

ಸೌಮ್ಯ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಆಮೇಲೆ ಫ್ರಿಜ್ಜಿನಲ್ಲಿ ಉಳಿದಿದ್ದ ಬೆಳಗಿನ ಮಾದರಿಗಳನ್ನು ಕ್ಯಾನಿನ ಆಸಿಡ್ಡಿನಿಂದಲೇ ಇಬ್ಬರೂ ಮತ್ತೆ ಪರೀಕ್ಷೆ ಮಾಡಿದರು. ಒಂದರಲ್ಲೂ ಬಿಳಿ ಚೂರು ನಿಲ್ಲಲಿಲ್ಲ. ಎಲ್ಲರ ಕೊಬ್ಬೂ ಮೇಲೇರಿತು. ಚಿಕ್ಕಮಾದಮ್ಮನ ಹಾಲು ತೆಳುವಾಗಿದ್ದರೂ ನಿಯಮದ ಗೆರೆಯ ಮೇಲೆಯೇ ಇತ್ತು.

ಅಂಬರೀಶ್ ಲೆಕ್ಕ ನೋಡಿ ಹಣೆ ಉಜ್ಜಿಕೊಂಡ. "ಸರಿ. ಜವರಯ್ಯನೋರಿಗೆ ಆಯಮ್ಮನ ಹಾಲು ತಗೊಳ್ಳಿ ಅಂತ ಹೇಳ್ಬಿಡ್ತೀನಿ. ಮುಗೀತಲ್ಲ. ಆಸಿಡ್ ವಿಷಯ ಎತ್ತಬೇಡಿ. ಎತ್ತಿದ್ರೆ ಹಬ್ಬದಿಂದೀಚೆಗೆ ಎಲ್ಲ ಊರಿಂದೂ ಮತ್ತೆ ಕೆದಕಬೇಕಾಗ್ತದೆ."

"ಯಾಕೆ ಬಿಟ್ಟರು ಅಂತ ಊರೋರು ಕೇಳಲ್ವಾ ಸರ್? ಕಳ್ಳೀನ ಅವಳ ಕಡೆಯೋಳು ಬಿಡಿಸಿದ್ಲು ಅನ್ನಲ್ವಾ?"

ಅವನು ಫೋನ್ ಹಿಡಿದುಕೊಂಡು ಹೊರಗೆ ಹೋದ. ಸೌಮ್ಯ ಕವಚ ಕಳಚಿ ಕೈ ತೊಳೆದು, ಶಿವರಾಮುವಿನ ಸ್ಕೂಟರಿನ ಕೀ ಕೇಳಿ ತೆಗೆದುಕೊಂಡಳು. "ಪೆಟ್ರೋಲು ಕಮ್ಮಿ ಅದೆ, ವೋಗ್ತಾ ಆಕಿಸ್ಕಳಿ" ಎಂದ ಅವನು, ಬಾಗಿಲವರೆಗೆ ಬಂದು "ನನ್ ಎಸ್ರು ಯೋಳಿ ಮೇಡಂ, ಪರ್ವಾಗಿಲ್ಲ" ಎಂದ.

ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು ಅಡ್ಡ. ಹಾರನ್ ಹೊಡೆದೂ ಹೊಡೆದೂ ಅವಳ ಹೆಬ್ಬೆರಳು ನೊಂದಿತು. ಊರು ಮುಟ್ಟುವಾಗ ಡೇರಿಯ ಮುಂದೆ ಸಾಲು ಬೆಳೆದಿತ್ತು. ಕಟ್ಟಕಡೆಯಲ್ಲಿ ಚಿಕ್ಕಮಾದಮ್ಮ ಹಾಲಿನ ಕ್ಯಾನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಅವಳಿಗೂ ಮುಂದಿನವರಿಗೂ ನಡುವೆ ಎರಡಾಳು ನಿಲ್ಲುವಷ್ಟು ಜಾಗ ಬಿಟ್ಟಿದ್ದರು.

ಜವರಯ್ಯ ಅಳೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಬನ್ನಿ ಮೇಡಮ್ಮೋರೆ. ಮದ್ಯಾನ್ನ ಈಯಮ್ಮನ ಆಲು ಬ್ಯಾಡ ಅಂತ ಫೋನು, ಈಗ ತಕ್ಕಳಿ ಅಂತ ಫೋನು. ನಮ್ಮನ್ನೇನು ತಿರುಗಣಿ ಆಡುಸ್ತಿದ್ದೀರಾ?"

"ಅವರವರೇ ಮಾತಾಡ್ಕಂಡಿರ್ತಾರೆ ಬುಡಣ್ಣ" ಎಂದಿತು ಸಾಲಿನಿಂದ ಒಂದು ಗಂಡುದನಿ.

"ಯಾವನ್ಲಾ ಅದು?" ಚಿಕ್ಕಮಾದಮ್ಮ ಹಿಂದಿನಿಂದಲೇ ಕೂಗಿದಳು. "ಮೊಕ ತೋರ್ಸಿ ಮಾತಾಡ್ಲಾ. ಬೇಕಾರೆ ನಮ್ ಕೊಟ್ಟಿಗೆಗೆ ಬಂದು ನೀನೇ ಆಲು ಕರ್ಕಂಡೋಗು, ಒದಿಸ್ಕಂಡ್ರೆ ಗೊತ್ತಾಯ್ತದೆ."

ನಗು ಎದ್ದಿತು. ಆ ನಗು ಇಳಿಯುವ ಮುಂಚೆಯೇ ಸೌಮ್ಯ ಡೇರಿಯ ಮೆಟ್ಟಿಲು ಹತ್ತಿದಳು.

"ಚಿಕ್ಕಮಾದಮ್ಮನ ಹಾಲಲ್ಲಿ ಏನೂ ತಪ್ಪಿಲ್ಲ. ತಪ್ಪಿದ್ದದ್ದು ನಮ್ಮ ಆಸಿಡ್ಡಲ್ಲಿ. ಆಯುಧಪೂಜೆಗೆ ತೊಳೆದ ಜಾಡೀಲಿ ನೀರು ಉಳಿದಿತ್ತು, ನೋಡದೆ ಅದರ ಮೇಲೇ ಆಸಿಡ್ ತುಂಬಿದ್ವಿ. ಆಸಿಡ್ ನೀರಾಗಿ ಪರೀಕ್ಷೆ ತಪ್ಪು ತೋರಿಸ್ತು. ಬೆಳಗಿನ ಹಾಲನ್ನೇ ಒಳ್ಳೇ ಆಸಿಡ್ಡಲ್ಲಿ ಮತ್ತೆ ನೋಡಿದೀನಿ, ಸರಿಯಾಗಿದೆ. ಲ್ಯಾಬು ನನ್ನ ಜವಾಬ್ದಾರಿ. ನೋಡದೆ ಸಹಿ ಹಾಕಿದೋಳೂ ನಾನೇ."

ಸಾಲಿನಲ್ಲಿದ್ದ ಒಬ್ಬಳು ಹೆಂಗಸು ಕೇಳಿದಳು: "ಅಂಗಾರೆ ನಮ್ದೂ ಕಮ್ಮಿ ತೋರ್ಸಿತ್ತಾ?"

"ಹಬ್ಬದಿಂದೀಚೆಗೆ ಎಲ್ಲರದ್ದೂ."

ಸಾಲು ಮುರಿಯಿತು. ಓದಿಕೊಂಡವರ ಹಣೆಬರಹ ಇಷ್ಟೇ ಎಂದರು. ಆಸಿಡ್ಡಿಗೂ ಪೂಜೆ ಮಾಡೋ ಭಕ್ತರು ಎಲ್ಲಿ ಸಿಕ್ಕಾರು ಎಂದರು. ಮ್ಯಾನೇಜರ್ ಬಂದು ಹೇಳಲಿ ಎಂದರು. ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಸೌಮ್ಯಳಿಗೆ ಯಾರಿಗೂ ಉತ್ತರ ಕೊಡಲಾಗಲಿಲ್ಲ. ಜವರಯ್ಯ ಒಳಗಿನಿಂದ ತಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಅವಳ ಹಿಂದೆ ಇಟ್ಟರು. ಅವಳು ಕುಳಿತುಕೊಳ್ಳಲಿಲ್ಲ, ಅದರ ಬೆನ್ನು ಹಿಡಿದುಕೊಂಡಳು.

ಗದ್ದಲದ ನಡುವೆ ಚಿಕ್ಕಮಾದಮ್ಮ ಕ್ಯಾನು ಹೊತ್ತು ನೇರವಾಗಿ ಮೆಟ್ಟಿಲ ಬಳಿಗೆ ಬಂದಳು. "ಬೈಯೋರು ಬೈಯ್ತಾ ಇರ್ರಿ, ನಾನ್ ಬ್ಯಾಡ ಅನ್ನಾಕಿಲ್ಲ. ಬೈಸ್ಕಳಾಕೆ ಅಂತ್ಲೇ ಇಲ್ಲಿಗಂಟ ಬಂದವ್ಳೆ ಈ ಮಗ. ಸಾಲಂತೂ ಮುರ್ಕಂಡ್ರಿ, ಜವರಣ್ಣ, ನನ್ದು ಅಳಿ. ಮನೇಲಿ ಕರ ಅರಚ್ತಾ ಅದೆ."

ಜವರಯ್ಯ ಸಾಲಿನ ಕಡೆ ನೋಡಿದರು, ಅವಳ ಕಡೆ ನೋಡಿದರು. ಅಳತೆಯ ಪಾತ್ರೆ ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವಂತೆ ಅವಳ ಹೆಸರು ಕರೆದು, ಹಾಲು ಸುರಿಸಿಕೊಂಡರು.

ಸೌಮ್ಯಳ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು.

"ಯಾರವ್ವ ಅದು, ಇಂಗೆ ಬಡ್ಕತಾ ಇರಾದು?" ಚಿಕ್ಕಮಾದಮ್ಮ ಖಾಲಿ ಕ್ಯಾನನ್ನು ಸೊಂಟಕ್ಕೆ ಇಟ್ಟುಕೊಂಡು ಕೇಳಿದಳು.

"ನಮ್ಮ ಮ್ಯಾನೇಜರು."

"ಬೈತಾರಾ?"

"ಬೈತಾರೆ."

"ಬೈಸ್ಕ. ಮುಗಿಯಗಂಟ ನಾನಿಲ್ಲೇ ನಿಂತಿರ್ತೀನಿ."

ಕರುವನ್ನು ಮರೆತವಳಂತೆ ಅವಳು ಕ್ಯಾನನ್ನು ಮೆಟ್ಟಿಲ ಮೇಲಿಟ್ಟಳು. ಸೌಮ್ಯ ಫೋನನ್ನು ಕಿವಿಗೆ ಹಿಡಿದಳು.